ಎಲೆಕ್ಟ್ರಿಕ್ ಗಿಟಾರ್‌ನ ನಾದ ಮರದಲ್ಲಿದೆಯೇ? ಕಡಿಮೆ ಬೆಲೆಯ ಗಿಟಾರ್ ಕೊಳ್ಳುವ ಮುನ್ನ ಓದಿ

"ಒಳ್ಳೆ ಮರದ್ದಲ್ಲದಿದ್ದರೆ ನಾದವೇ ಬರಲ್ಲ, ಐವತ್ತು ಸಾವಿರದೊಳಗೆ ಸಿಗೋದೆಲ್ಲ ಆಟಿಕೆ." ಎಲೆಕ್ಟ್ರಿಕ್ ಗಿಟಾರ್ ಬಗ್ಗೆ ವಿಚಾರಿಸಿದವರಿಗೆಲ್ಲ ಈ ಮಾತು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತದೆ. ಇದನ್ನು ನಂಬಿ ಕೆಲವರು ಆಸೆಯನ್ನೇ ಬಿಡುತ್ತಾರೆ. ಇನ್ನು ಕೆಲವರು "ಹೇಗೂ ಆಟಿಕೆ ತಾನೇ" ಎಂದು ಸಿಕ್ಕಿದ ಅಗ್ಗದ ಕಾಂಬೊ ತರಿಸಿ, ಎರಡು ತಿಂಗಳಲ್ಲಿ ಅಟ್ಟಕ್ಕೆ ಹಾಕುತ್ತಾರೆ. ನಾನು ಎರಡನೇ ಗುಂಪಿನವಳು.

ಮಾತು ಎಷ್ಟು ನಿಜ? ವೀಣೆಯ ಮಟ್ಟಿಗೆ ನಿಜ. ಅಲ್ಲಿ ತಂತಿಯ ಸಣ್ಣ ಕಂಪನವನ್ನು ದೊಡ್ಡದು ಮಾಡುವುದೇ ಹಲಸಿನ ಮರದ ಕೊಡ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಆ ಕೆಲಸ ಆಂಪ್‌ನದು. ತಂತಿಗಳ ಕೆಳಗಿರುವ ಪಿಕಪ್ ಎಂದರೆ ಆಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ. ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನೈಲಾನ್ ತಂತಿ ಹಾಕಿದರೆ ಅದಕ್ಕೆ ಏನೂ ಕೇಳಿಸದು. ಭದ್ರಾವತಿಯವರು ಖುಷಿಪಡಬಹುದು, ಈ ವಾದ್ಯ ಮರಕ್ಕಿಂತ ಹೆಚ್ಚಾಗಿ ಕಬ್ಬಿಣದ ಮಾತು ಕೇಳುತ್ತದೆ! 1932ರಲ್ಲಿ ಮಾರುಕಟ್ಟೆಗೆ ಬಂದ 'ಫ್ರೈಯಿಂಗ್ ಪ್ಯಾನ್' ಎಂಬ ಮೊದಮೊದಲ ಎಲೆಕ್ಟ್ರಿಕ್ ಗಿಟಾರ್‌ನ ಮೈ ಅಲ್ಯೂಮಿನಿಯಂನದು. ಮರದಿಂದ ವ್ಯತ್ಯಾಸವೇ ಇಲ್ಲವೆಂದಲ್ಲ. ತಂತಿ ಎಷ್ಟು ಹೊತ್ತು ಕಂಪಿಸುತ್ತದೆ ಎಂಬುದರಲ್ಲಿ ಅದಕ್ಕೆ ಸ್ವಲ್ಪ ಪಾಲಿದೆ. ಆದರೆ ಪಿಕಪ್ ಮತ್ತು ಆಂಪ್ ಬದಲಿಸಿದಾಗ ಕೇಳುವ ವ್ಯತ್ಯಾಸದ ಮುಂದೆ ಅದು ಚಿಕ್ಕದು.

ಹಾಗಾಗಿ ಮೊದಲು ಪಿಕಪ್ ನೋಡಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ನ ನಾದ ತಿಳಿ, ಚೂಪು. ಆದರೆ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿಯುತ್ತದೆ. ಗಿಟಾರನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಸದ್ದು ತಗ್ಗುವುದುಂಟು. ಎರಡು ಸುರುಳಿಯ ಹಂಬಕರ್‌ನಲ್ಲಿ ಈ ಸದ್ದು ಒಂದಕ್ಕೊಂದು ವಜಾ ಆಗುತ್ತದೆ, ನಾದವೂ ದಪ್ಪ.

ಸಾಮಾನ್ಯವಾಗಿ 15ರಿಂದ 25 ಸಾವಿರ ರೂಪಾಯಿಯೊಳಗೆ ಹುಡುಕುವವರಿಗೆ ಎದುರಾಗುವ ಹೆಸರು ಮೂರು. ಯಮಹಾ ಪೆಸಿಫಿಕಾ 012ರಲ್ಲಿ ಒಂದು ಹಂಬಕರ್, ಎರಡು ಸಿಂಗಲ್ ಕಾಯಿಲ್. ಸಿನಿಮಾ ಹಾಡಿಗೂ ರಾಕ್‌ಗೂ ಒಗ್ಗುತ್ತದೆ, ಮೊದಲ ಗಿಟಾರ್‌ಗೆ ನನ್ನ ಆಯ್ಕೆ ಇದೇ. ಇಬಾನೆಜ್ ಜಿಯೊ ಜಿಆರ್‌ಎಕ್ಸ್40ರಲ್ಲೂ ಅದೇ ಜೋಡಣೆ. ಇದರ ತೆಳು ನೆಕ್ ಚಿಕ್ಕ ಕೈಗೆ ಹಿತ. ಸ್ಕ್ವಯರ್ ಸೋನಿಕ್ ಸ್ಟ್ರಾಟ್‌ನ ಮೂರು ಸಿಂಗಲ್ ಕಾಯಿಲ್ ಮಾದರಿ ತಿಳಿ ನಾದ ಬೇಕೆನ್ನುವವರಿಗೆ. ಪೆಸಿಫಿಕಾದ ಮೈ ಅಗಾಥಿಸ್, ಉಳಿದೆರಡರದು ಪಾಪ್ಲರ್, ಯಾವುದೂ ಹೆಸರುವಾಸಿ ಮರವಲ್ಲ. ಇನ್ನೊಂದು ಸ್ವಾರಸ್ಯವಿದೆ. ಗಿಟಾರ್‌ನ ಬೆರಳುಹಲಗೆಗೆ ಹೆಸರಾದ ಇಂಡಿಯನ್ ರೋಸ್‌ವುಡ್ ನಮ್ಮ ಮಲೆನಾಡಿನ ಬೀಟೆ. ಅದಕ್ಕೆ ಬದಲಾಗಿ ಅಗ್ಗದ ಗಿಟಾರ್‌ಗಳಲ್ಲಿ ಕಾಣುವ 'ಇಂಡಿಯನ್ ಲಾರೆಲ್' ಬೇರೇನಲ್ಲ, ಮತ್ತಿ.

ಬೆಲೆ ಇಳಿದಂತೆ ನಿಜಕ್ಕೂ ಕೆಡುವುದು ಕೆಲಸಗಾರಿಕೆ. ನನ್ನ ಕಾಂಬೊ ಅಟ್ಟ ಸೇರಿದ್ದು ನಾದಕ್ಕಲ್ಲ, ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿಯುತ್ತಿತ್ತು ಎಂಬುದಕ್ಕೆ. ಕಲಿಯುವವರಿಗೆ ತಪ್ಪು ತಮ್ಮ ಬೆರಳಿನದೇ ಅನ್ನಿಸಿಬಿಡುತ್ತದೆ. ಅಂಗಡಿಯಲ್ಲಿ ಶ್ರುತಿ ಮಾಡಿಸಿ, ತಂತಿಗಳನ್ನು ಚೆನ್ನಾಗಿ ಎಳೆದು ನುಡಿಸಿ, ಮತ್ತೆ ಶ್ರುತಿ ನೋಡಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ, ಜರ್ ಎನ್ನುತ್ತದೆಯೇ ಕೇಳಿ. ನೆಕ್ ಅಂಚಿನ ಮೇಲೆ ಬೆರಳಾಡಿಸಿ, ಫ್ರೆಟ್ ತುದಿ ಚುಚ್ಚಿದರೆ ಬೇಡ. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಮಾಡಲು ಎಷ್ಟು ದಿನವಿದೆ ಎಂದು ಮೊದಲೇ ನೋಡಿಕೊಂಡು, ಬಂದ ದಿನವೇ ಈ ಪರೀಕ್ಷೆ ಮಾಡಿ.

ದುಡ್ಡನ್ನೆಲ್ಲ ಗಿಟಾರ್‌ಗೇ ಸುರಿಯಬೇಡಿ, ಆಂಪ್‌ಗೂ ಉಳಿಸಿ. ನೀವು ಕೇಳುವ ನಾದ ಕೊನೆಗೆ ಹೊರಬರುವುದು ಅದರ ಸ್ಪೀಕರ್‌ನಿಂದ.

ಇನ್ನು ನಮ್ಮೂರ ಮಳೆಗಾಲ. ತೇವಕ್ಕೆ ನೆಕ್ ಬಾಗಬಹುದು, ಬೇಸಿಗೆಗೆ ಒಣಗಿ ಫ್ರೆಟ್ ತುದಿ ಹೊರಚಾಚಬಹುದು. ನೆಕ್ ಒಳಗಿನ ಉಕ್ಕಿನ ಸರಳನ್ನು ತಿರುಗಿಸಿ ಬಾಗು ಸರಿಪಡಿಸುತ್ತಾರೆ. ಅದನ್ನು ಬಲ್ಲವರಿಂದಲೇ ಮಾಡಿಸಿ. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿಡಿ, ಇಲ್ಲದಿದ್ದರೆ ಜೂನ್‌ನಲ್ಲಿ ಹಾಕಿದ ತಂತಿ ಆಗಸ್ಟ್‌ಗೆ ತುಕ್ಕು ಹಿಡಿದಿರುತ್ತದೆ.