ಮೂತ್ರದಲ್ಲಿ ಮದ್ಯ: ಗಂಟೆಗಳ ಲೆಕ್ಕ ದಿನಗಳಾದ ಬಗೆ

2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ (ಕೆಜಿಎಫ್) ಮುಚ್ಚಿತು. ಅಂದಿನಿಂದ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಓಡುವ ರೈಲಿನಲ್ಲಿದೆ. ಅದರಲ್ಲಿ ದುಡಿಯಲು ಹೋಗುವ ಡ್ರೈವರಿಗೋ ಸೆಕ್ಯುರಿಟಿ ಕಾವಲುಗಾರನಿಗೋ, ರಾತ್ರಿ ಕುಡಿದದ್ದು ಮೂತ್ರಪರೀಕ್ಷೆಯಲ್ಲಿ ಎಷ್ಟು ಹೊತ್ತು ಸಿಕ್ಕಿಬೀಳುತ್ತದೆ ಎಂಬುದು ಹೊಟ್ಟೆಪಾಡಿನ ಪ್ರಶ್ನೆಯಾಗಬಹುದು. ಒಂದೂವರೆ ಶತಮಾನದಲ್ಲಿ ಈ ಪ್ರಶ್ನೆಯ ಉತ್ತರ ಹಿಗ್ಗುತ್ತಲೇ ಬಂದಿದೆ.

ಕುಡಿದ ಮದ್ಯದ ಬಹುಪಾಲು ದೇಹದಲ್ಲೇ ಉರಿದುಹೋಗುತ್ತದೆ, ಮೂತ್ರಕ್ಕೆ ಇಳಿಯುವುದು ಅಲ್ಪ ಎಂದು 19ನೇ ಶತಮಾನದಲ್ಲೇ ಲಂಡನ್ನಿನ ವೈದ್ಯ ಫ್ರಾನ್ಸಿಸ್ ಆನ್‌ಸ್ಟಿ ತೋರಿಸಿದ್ದ. ಅದಕ್ಕೆ ಗಣಿತ ಕೊಟ್ಟವನು ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್. ಅವನ ಸೂತ್ರವನ್ನು ನಮ್ಮ ‘ಕ್ವಾರ್ಟರ್’ಗೆ ಹಚ್ಚಿ ನೋಡೋಣ. ಶೇ. 42.8ರ 180 ಮಿಲಿ ವಿಸ್ಕಿಯಲ್ಲಿ ಸುಮಾರು 61 ಗ್ರಾಂ ಮದ್ಯಸಾರ. ಅರವತ್ತು ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು 100 ಮಿಲಿಗೆ 150 ಮಿಲಿಗ್ರಾಂ ಆಸುಪಾಸು ಏರುತ್ತದೆ. ಗಂಟೆಗೆ 15ರಂತೆ ಇಳಿದರೆ ಪೂರ್ತಿ ಹೋಗಲು ಹತ್ತು ತಾಸು. ರಾತ್ರಿ ಒಂಬತ್ತಕ್ಕೆ ಮುಗಿಸಿದವನು ಬೆಳಗಿನ ಐದರ ಹೊತ್ತಿಗೆ ರಸ್ತೆ ಕಾನೂನಿನ 30 ಮಿಲಿಗ್ರಾಂ ಗಡಿಯ ಮೇಲೇ ತೂಗುತ್ತಿರುತ್ತಾನೆ. ಮೂತ್ರದ್ದು ಇನ್ನೂ ತಡ, ಏಕೆಂದರೆ ಮೂತ್ರಕೋಶದಲ್ಲಿ ರಾತ್ರಿಯ ಸರಕು ಕೂಡಿಟ್ಟುಕೊಂಡಿರುತ್ತದೆ. ಬ್ರಿಟನ್ನಿನ 1967ರ ರಸ್ತೆ ಸುರಕ್ಷತಾ ಕಾಯ್ದೆ ಎರಡು ಬಾರಿ ಮೂತ್ರ ತೆಗೆದು ಮೊದಲನೆಯದನ್ನು ಲೆಕ್ಕಕ್ಕಿಡದೆ ಬಿಟ್ಟದ್ದು ಇದೇ ಕಾರಣಕ್ಕೆ. ರಕ್ತದ 80 ಮಿಲಿಗ್ರಾಂಗೆ ಮೂತ್ರದಲ್ಲಿ 107 ಎಂದು ಅದು ಗಡಿ ಹಾಕಿತ್ತು.

ನಮ್ಮಲ್ಲಿ ಮೂತ್ರ ನ್ಯಾಯಾಲಯಕ್ಕೆ ಬಂದದ್ದು ಗೈರುಹಾಜರಿಯ ಮೂಲಕ. ಬಾಯಿ ವಾಸನೆ, ತೂರಾಟ, ತೊದಲು ಮಾತು ಇಷ್ಟರಿಂದಲೇ ಕುಡಿದಿದ್ದ ಎನ್ನಲಾಗದು, ಮೂತ್ರಪರೀಕ್ಷೆ ನಡೆದಿಲ್ಲ ಎಂದು 1971ರಲ್ಲಿ ಬಚುಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹೇಳಿತು.

ನಿಜವಾದ ತಿರುವು ಇಟಿಜಿ, ಅಂದರೆ ಈಥೈಲ್ ಗ್ಲುಕುರೊನೈಡ್. ಮದ್ಯದ ಸಾವಿರದಲ್ಲೊಂದು ಪಾಲೂ ಇಲ್ಲದಷ್ಟು ಅಂಶವನ್ನು ಯಕೃತ್ತು ಹೀಗೆ ಕಟ್ಟಿ ಹೊರಗಟ್ಟುತ್ತದೆ. 1952ರಲ್ಲಿ ಮೊಲದ ಮೂತ್ರದಲ್ಲಿ ಇದನ್ನು ಬೇರ್ಪಡಿಸಿದ್ದರೂ ಬಳಕೆಗೆ ಬಂದದ್ದು 1990ರ ದಶಕದಲ್ಲಿ, ಯುರೋಪಿನ ಪ್ರಯೋಗಾಲಯಗಳಿಂದ. ಒಂದೆರಡು ಪೆಗ್ಗಿಗೆ ಒಂದು ದಿನ, ವಿಪರೀತ ಕುಡಿತಕ್ಕೆ ಮೂರು ದಿನ ಅಥವಾ ಇನ್ನೂ ಸ್ವಲ್ಪ ಹೆಚ್ಚು ಇದು ಸಿಗುತ್ತದೆ. ಜಾಹೀರಾತುಗಳು ಸಾರುವ ‘80 ಗಂಟೆ’ ಎಲ್ಲರಿಗೂ ಅನ್ವಯಿಸುವುದಿಲ್ಲ.

ಇಲ್ಲಿ ಕೆಜಿಎಫ್‌ನವರಿಗೆ ಹತ್ತಿರದ ಒಂದು ಸೂಕ್ಷ್ಮವಿದೆ. ಚಾಂಪಿಯನ್ ರೀಫ್‌ನ ಗಣಿಯ ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಕುದಿಬಿಸಿಯಲ್ಲಿ ಬೆವರು ಹರಿಸಿದವರ ಮೂತ್ರ ಎಷ್ಟು ಗಟ್ಟಿಯಾಗುತ್ತಿತ್ತೆಂದು ಊಹಿಸಬಹುದು. ಇಟಿಜಿ ಹೀಗೆ ಗಟ್ಟಿಯಾದ ಮೂತ್ರದಲ್ಲಿ ಹೆಚ್ಚು ಕಾಣುತ್ತದೆ, ಕೊಡಗಟ್ಟಲೆ ನೀರು ಕುಡಿದರೆ ತೆಳುವಾಗುತ್ತದೆ. ಅದಕ್ಕೇ ಮೂತ್ರ ಎಷ್ಟು ಗಟ್ಟಿ ಎಂದು ತೋರಿಸುವ ಕ್ರಿಯಾಟಿನಿನ್ ಜೊತೆ ಹೋಲಿಸಿ ಓದಬೇಕು. ಮದ್ಯ ಹಾಗಲ್ಲ, ನೀರು ಎಷ್ಟೇ ಕುಡಿದರೂ ಮೂತ್ರದಲ್ಲಿನ ಅದರ ಸಾಂದ್ರತೆ ರಕ್ತದ ಹಿಂದೆಯೇ ಹೋಗುತ್ತದೆ. ಮಜ್ಜಿಗೆ, ಎಳನೀರಿನ ಉಪಾಯಗಳು ಈ ಲೆಕ್ಕವನ್ನು ತಪ್ಪಿಸವು.

ಮೋಸ ಬೇರೆ ಕಡೆಯಿಂದಲೂ ಬರಬಹುದು. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ ಇದ್ದು, ಬಾಟಲಿ ಬೆಚ್ಚಗೆ ಉಳಿದರೆ ಕುಡಿಯದವನ ಮಾದರಿಯಲ್ಲೂ ಮದ್ಯ ಹುದುಗಿ ಹುಟ್ಟುತ್ತದೆ. ಸೋಡಿಯಂ ಫ್ಲೋರೈಡ್ ಹಾಕಿ ತಂಪಿನಲ್ಲಿಡುವುದು ಇದಕ್ಕಾಗಿ. ಸ್ಯಾನಿಟೈಸರ್ ಪದೇ ಪದೇ ಬಳಸಿದವರಲ್ಲಿ ಇಟಿಜಿ ಅಲ್ಪಸ್ವಲ್ಪ ಕಂಡಿರುವುದರಿಂದ ಮಿಲಿಗೆ 100 ನ್ಯಾನೋಗ್ರಾಂ ಎಂಬ ಕಟ್ಟುನಿಟ್ಟಿನ ಗಡಿಯೊಂದನ್ನೇ ನೆಚ್ಚಿ ಕೆಲಸ ಕಿತ್ತುಕೊಳ್ಳುವುದು ನನಗೆ ಅನ್ಯಾಯವೆನಿಸುತ್ತದೆ.

ಇಟಿಜಿಗೆ ಕಾಣದ ವಿಷವೂ ಉಂಟು. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಯಾದದ್ದು 2007ರ ಜುಲೈನಲ್ಲಿ. ವರ್ಷ ತುಂಬುವ ಮುನ್ನ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಅಂಥ ಸಾವಿಗೆ ಕಾರಣ ಮೆಥನಾಲ್. ಅದಕ್ಕೆ ಹುಡುಕಬೇಕಾದ್ದು ಮೆಥನಾಲನ್ನೂ ಅದರಿಂದ ಹುಟ್ಟುವ ಫಾರ್ಮಿಕ್ ಆಮ್ಲವನ್ನೂ.

ಪತ್ತೆಯ ಅವಧಿ ಹಿಗ್ಗಿದಷ್ಟೂ ‘ಅಮಲಿನಲ್ಲಿದ್ದನೇ’ ಎಂಬ ಪ್ರಶ್ನೆಗೆ ಉತ್ತರ ಮಸುಕಾಗುತ್ತದೆ. ಶನಿವಾರದ ಕುಡಿತವನ್ನು ಸೋಮವಾರ ಹೇಳುವ ಇಟಿಜಿ, ಸೋಮವಾರ ಸ್ಟಿಯರಿಂಗ್ ಹಿಡಿದವನ ಸ್ಥಿತಿ ಹೇಳದು. ಮದ್ಯ ಬಿಡುವ ಚಿಕಿತ್ಸೆಯಲ್ಲಿ ಅದು ಸಹಾಯಕ; ಡ್ಯೂಟಿ ತಪಾಸಣೆಗೆ ಉಸಿರೇ ಸರಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ 2019ರ ತಿದ್ದುಪಡಿಯಲ್ಲಿ ಉಸಿರಿನ ಜೊತೆ ಪ್ರಯೋಗಾಲಯವೂ ಸೇರಿದಂತೆ ಬೇರೆ ಪರೀಕ್ಷೆಗಳಿಗೆ ಬಾಗಿಲು ತೆರೆದರೂ ಅಳತೆಯನ್ನು ರಕ್ತದ 100 ಮಿಲಿಗೆ 30 ಮಿಲಿಗ್ರಾಂ ಎಂದೇ ಉಳಿಸಿಕೊಂಡಿದೆ. ಇಟಿಜಿ ಪರೀಕ್ಷಾಪಟ್ಟಿಯಲ್ಲಿ ಮೂಡುವ ಗೆರೆಯನ್ನು ಆ ಅಂಕಿಗೆ ತಿರುಗಿಸುವ ಸೂತ್ರ ಯಾವುದೂ ಇಲ್ಲ.