ರೆಟ್ರೊಗ್ರೇಡ್

ರೆಟ್ರೊಗ್ರೇಡ್ ಎಂಬುದು ಹಿಂದಕ್ಕೆ ಸಾಗುವ ಅಥವಾ ರೂಢಿಯ ದಿಕ್ಕಿಗೆ ವಿರುದ್ಧವಾಗಿ ಚಲಿಸುವ ವಸ್ತು, ಕ್ರಿಯೆ ಇಲ್ಲವೇ ಧೋರಣೆಯನ್ನು ಸೂಚಿಸುವ ಇಂಗ್ಲಿಷ್ ಗುಣವಾಚಕ. ಕನ್ನಡದಲ್ಲಿ ಸಂದರ್ಭಾನುಸಾರವಾಗಿ ಹಿಮ್ಮುಖ, ವಕ್ರ, ಪ್ರತಿಗಾಮಿ ಮುಂತಾದ ಪದಗಳನ್ನು ಇದಕ್ಕೆ ಬಳಸಲಾಗುತ್ತದೆ. ಖಗೋಳ ವಿಜ್ಞಾನ, ವೈದ್ಯಶಾಸ್ತ್ರ, ಸಂಗೀತ ಹಾಗೂ ಸಾಮಾಜಿಕ ಚರ್ಚೆಗಳಲ್ಲಿ ಇದರ ಅರ್ಥಚ್ಛಾಯೆ ಬೇರೆಬೇರೆಯಾಗಿರುವುದರಿಂದ, ಒಂದೇ ಕನ್ನಡ ಪದ ಎಲ್ಲ ಕಡೆಗೂ ಹೊಂದುವುದಿಲ್ಲ.

ವ್ಯುತ್ಪತ್ತಿ

ಈ ಪದದ ಮೂಲ ಲ್ಯಾಟಿನ್ ಭಾಷೆಯ 'ರೆಟ್ರೊಗ್ರಾಡುಸ್'. 'ರೆಟ್ರೊ' ಎಂದರೆ ಹಿಂದಕ್ಕೆ. 'ಗ್ರಾಡುಸ್' ಎಂದರೆ ಹೆಜ್ಜೆ. 14ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷಿಗೆ ಬಂದಾಗ ಇದು ಮುಖ್ಯವಾಗಿ ಗ್ರಹಗಳ ಚಲನೆಯನ್ನು ಹೇಳುವ ಪದವಾಗಿತ್ತು. ಇತರ ಅರ್ಥಗಳು ಅನಂತರ ಬೆಳೆದುಬಂದವು. ಇದರ ವಿರುದ್ಧಪದ ಖಗೋಳ ವಿಜ್ಞಾನದಲ್ಲಿ 'ಪ್ರೊಗ್ರೇಡ್', ವೈದ್ಯಶಾಸ್ತ್ರದಲ್ಲಿ 'ಆಂಟಿರೊಗ್ರೇಡ್'.

ಖಗೋಳ ವಿಜ್ಞಾನದಲ್ಲಿ

ತೋರಿಕೆಯ ಹಿಮ್ಮುಖ ಚಲನೆ: ನಕ್ಷತ್ರಗಳ ಹಿನ್ನೆಲೆಯಲ್ಲಿ ಗ್ರಹಗಳು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತವೆ. ಕೆಲವೊಮ್ಮೆ ಅವು ನಿಂತಂತೆ ಕಂಡು, ಕೆಲವು ವಾರ ಅಥವಾ ತಿಂಗಳುಗಳ ಕಾಲ ಹಿಂದಕ್ಕೆ ಸರಿದಂತೆ ತೋರುತ್ತವೆ. ಮಂಗಳ ಗ್ರಹದಲ್ಲಿ ಇದು ಸುಮಾರು 26 ತಿಂಗಳಿಗೊಮ್ಮೆ ಕಂಡುಬರುತ್ತದೆ. ಒಳಕಕ್ಷೆಯಲ್ಲಿ ವೇಗವಾಗಿ ಸಾಗುವ ಭೂಮಿಯು ಮಂಗಳವನ್ನು ದಾಟಿಹೋಗುವುದೇ ಇದಕ್ಕೆ ಕಾರಣ. ವೇಗದ ರೈಲಿನಲ್ಲಿ ಕುಳಿತವರಿಗೆ ಪಕ್ಕದ ಹಳಿಯ ನಿಧಾನದ ರೈಲು ಹಿಂದಕ್ಕೆ ಹೋದಂತೆ ಕಾಣುವುದೂ ಹೀಗೆಯೇ. ಗ್ರಹವು ತನ್ನ ಕಕ್ಷೆಯಲ್ಲಿ ಎಂದೂ ಹಿಂದಕ್ಕೆ ತಿರುಗುವುದಿಲ್ಲ.

ಭೂಮಿಯೇ ಕೇಂದ್ರವೆಂದು ನಂಬಿದ್ದ ಟಾಲೆಮಿ, 2ನೆಯ ಶತಮಾನದಲ್ಲಿ ಈ ಚಲನೆಯನ್ನು ವಿವರಿಸಲು ವೃತ್ತದ ಮೇಲೆ ವೃತ್ತವನ್ನು ಕಲ್ಪಿಸಿದನು. 1543ರಲ್ಲಿ ಪ್ರಕಟವಾದ ಕೊಪರ್ನಿಕಸನ ಸೂರ್ಯಕೇಂದ್ರ ಸಿದ್ಧಾಂತವು ಇದನ್ನು ಸಹಜವಾಗಿ ವಿವರಿಸಿತು. ಭಾರತೀಯ ಗ್ರಂಥವಾದ ಸೂರ್ಯಸಿದ್ಧಾಂತವು ಗ್ರಹಗಳಿಗೆ ಎಂಟು ಬಗೆಯ ಗತಿಗಳನ್ನು ಹೇಳಿದ್ದು, ಅವುಗಳಲ್ಲಿ ವಕ್ರಗತಿಯೂ ಒಂದು. ಪಂಚಾಂಗಗಳಲ್ಲಿ ಇಂದಿಗೂ 'ವಕ್ರ' ಎಂಬ ಪದವೇ ಬಳಕೆಯಲ್ಲಿದೆ.

ನಿಜವಾದ ಹಿಮ್ಮುಖ ಚಲನೆ: ಶುಕ್ರವು ಇತರ ಬಹುತೇಕ ಗ್ರಹಗಳಿಗೆ ವಿರುದ್ಧ ದಿಕ್ಕಿನಲ್ಲಿ ತನ್ನ ಅಕ್ಷದ ಸುತ್ತ ತಿರುಗುತ್ತದೆ; ಒಂದು ಸುತ್ತಿಗೆ ಸುಮಾರು 243 ದಿನಗಳು ಬೇಕು. 1846ರಲ್ಲಿ ಪತ್ತೆಯಾದ ನೆಪ್ಚೂನಿನ ಉಪಗ್ರಹ ಟ್ರೈಟನ್, ಗ್ರಹದ ಆವರ್ತನೆಗೆ ವಿರುದ್ಧವಾಗಿ ಪರಿಭ್ರಮಿಸುವ ಏಕೈಕ ದೊಡ್ಡ ಉಪಗ್ರಹ. ಹ್ಯಾಲಿ ಧೂಮಕೇತುವಿನ ಕಕ್ಷೆಯೂ ಹಿಮ್ಮುಖವಾದುದು. ಕಕ್ಷೆಯ ಓರೆ 90 ಡಿಗ್ರಿಗಿಂತ ಹೆಚ್ಚಿದ್ದರೆ ಅದನ್ನು ಹಿಮ್ಮುಖ ಕಕ್ಷೆ ಎನ್ನಲಾಗುತ್ತದೆ. ಸುಮಾರು 99 ಡಿಗ್ರಿ ಓರೆಯ ಕಕ್ಷೆಗೆ 1988ರಲ್ಲಿ ಸೇರಿದ ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಇದಕ್ಕೆ ಉದಾಹರಣೆ.

ವೈದ್ಯಶಾಸ್ತ್ರದಲ್ಲಿ

ತಲೆಗೆ ಪೆಟ್ಟು ಬೀಳುವ ಮೊದಲಿನ ಘಟನೆಗಳು ಮರೆತುಹೋಗುವುದನ್ನು 'ರೆಟ್ರೊಗ್ರೇಡ್ ಅಮ್ನೀಸಿಯ' ಎನ್ನುತ್ತಾರೆ. ಪೆಟ್ಟಿನ ನಂತರದ ಹೊಸ ವಿಷಯಗಳು ನೆನಪಿನಲ್ಲಿ ನಿಲ್ಲದಿರುವುದು 'ಆಂಟಿರೊಗ್ರೇಡ್ ಅಮ್ನೀಸಿಯ'. ಮೊದಲನೆಯದರಲ್ಲಿ ಬಹುಮಟ್ಟಿಗೆ ಇತ್ತೀಚಿನ ನೆನಪುಗಳು ಅಳಿಸಿ, ಹಳೆಯವು ಉಳಿಯುತ್ತವೆ. ಪಿತ್ತನಾಳದ ತೊಂದರೆಗಳಿಗೆ ಮಾಡುವ ಇಆರ್‌ಸಿಪಿ ಎಂಬ ವಿಧಾನದ ಹೆಸರಿನಲ್ಲಿರುವ 'ಆರ್' ಅಕ್ಷರವೂ ಇದೇ ಪದದ್ದು. ಅದರಲ್ಲಿ ಪಿತ್ತರಸ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಕಾಂಟ್ರಾಸ್ಟ್ ದ್ರವವನ್ನು ಸೇರಿಸಲಾಗುತ್ತದೆ.

ಸಂಗೀತದಲ್ಲಿ

ಪಾಶ್ಚಾತ್ಯ ಸಂಗೀತದಲ್ಲಿ ಒಂದು ಸ್ವರಸಾಲನ್ನು ಕೊನೆಯಿಂದ ಮೊದಲಿಗೆ ನುಡಿಸುವುದಕ್ಕೆ ಈ ಹೆಸರಿದೆ. ಶೋನ್‌ಬರ್ಗ್ ರೂಪಿಸಿದ ಹನ್ನೆರಡು ಸ್ವರಗಳ ರಚನಾಕ್ರಮದಲ್ಲಿ ಇದು ಮೂಲಭೂತ ತಂತ್ರಗಳಲ್ಲೊಂದು.

ಸಾಮಾನ್ಯ ಬಳಕೆ

ವಿಜ್ಞಾನದಲ್ಲಿ ಈ ಪದ ದಿಕ್ಕನ್ನು ಮಾತ್ರ ಹೇಳುತ್ತದೆ. ಅದರಲ್ಲಿ ಒಳ್ಳೆಯದು ಕೆಟ್ಟದ್ದೆಂಬ ಭಾವವಿಲ್ಲ. ಸಾಮಾಜಿಕ ಚರ್ಚೆಯಲ್ಲಿ ಇದು ಟೀಕೆಯ ಪದ. ಗಳಿಸಿದ ಸುಧಾರಣೆಯನ್ನು ಕೈಬಿಡುವ ನಿರ್ಧಾರವನ್ನು 'ರೆಟ್ರೊಗ್ರೇಡ್' ಎಂದು ಕರೆಯುತ್ತಾರೆ. ಈ ಅರ್ಥಕ್ಕೆ ಕನ್ನಡದಲ್ಲಿ 'ಪ್ರತಿಗಾಮಿ' ಸೂಕ್ತ. ಇದನ್ನು 'ಹಿಂದುಳಿದ' ಎಂದು ಅನುವಾದಿಸುವುದು ಸರಿಯಲ್ಲ. ಹಿಂದುಳಿಯುವುದು ಅವಕಾಶ ದೊರೆಯದ ಸ್ಥಿತಿ. ಪ್ರತಿಗಾಮಿತನವು ಹಿಂದಕ್ಕೆ ಹೆಜ್ಜೆಯಿಡುವ ಆಯ್ಕೆ. 'ಹಿಂದುಳಿದ ವರ್ಗ' ಎಂಬುದು ಕಾನೂನಿನಲ್ಲಿ ನಿರ್ದಿಷ್ಟ ಅರ್ಥವುಳ್ಳ ಪದವಾದ್ದರಿಂದ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಹಳೆಯ ಕಾಲದ ಶೈಲಿಯನ್ನು ಮೆಚ್ಚುಗೆಯಿಂದ ಅನುಸರಿಸುವ ಉಡುಪು, ಸಂಗೀತಗಳಿಗೆ ಬಳಸುವ 'ರೆಟ್ರೊ' ಎಂಬ ಪದವೂ ಇದರಿಂದ ಭಿನ್ನವಾದುದು.