ಒಂದೇ ರೋಗ, ಹಲವು ನಂಜಾಣು

ಟೊಮ್ಯಾಟೊದ ಎಲೆ ಮುದುರು ರೋಗವನ್ನು ಕೋಲಾರ, ಚಿಕ್ಕಬಳ್ಳಾಪುರದ ಬೆಳೆಗಾರರಿಗೆ ಯಾರೂ ವಿವರಿಸಬೇಕಿಲ್ಲ. ಚಿಗುರು ಸಣ್ಣಗಾಗುತ್ತದೆ, ಎಲೆಯ ಅಂಚು ಮಡಚಿಕೊಳ್ಳುತ್ತದೆ, ಗಿಡ ಬೆಳೆಯದೆ ಗಿಡ್ಡ ಪೊದೆಯಾಗಿ ನಿಂತುಬಿಡುತ್ತದೆ. ನಾಟಿಯಾದ ಮೊದಲ ವಾರಗಳಲ್ಲೇ ತಗುಲಿದರೆ ಆ ಗಿಡದಿಂದ ಕಾಯಿಯ ಆಸೆ ಬಿಟ್ಟಂತೆಯೇ. ಬೇಸಿಗೆಯಲ್ಲಿ ಹೊಲಕ್ಕೆ ಹೊಲವೇ ಹೀಗಾಗುವುದುಂಟು. ಎಲ್ಲ ಕಡೆಯೂ ಒಂದೇ ಥರ ಕಾಣುವ ಈ ರೋಗಕ್ಕೆ ಒಂದೇ ವೈರಸ್ ಕಾರಣ ಎಂದು ವಿಜ್ಞಾನಿಗಳೂ ಬಹುಕಾಲ ನಂಬಿದ್ದರು. ಕಾರಣ ಒಂದು ಬಳಗವೇ ಎಂದು ತಿಳಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು.

ವಾಸುದೇವ ಮತ್ತು ಸ್ಯಾಮ್‌ರಾಜ್ ಈ ರೋಗವನ್ನು ವೈಜ್ಞಾನಿಕವಾಗಿ ವಿವರಿಸಿದ್ದು 1948ರಲ್ಲಿ. ಆಗ ಕೈಗೆ ಸಿಗುತ್ತಿದ್ದ ಪುರಾವೆ ಎಂದರೆ ಎಲೆಯ ಲಕ್ಷಣ ಮತ್ತು ರೋಗ ಹೊತ್ತು ತರುವ ಬಿಳಿ ನೊಣ, ಇಷ್ಟೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿ. ಮುನಿಯಪ್ಪ ಮತ್ತು ಸಂಗಡಿಗರು ಇದನ್ನು ದಶಕಗಟ್ಟಲೆ ಬೆನ್ನುಹತ್ತಿದರು. ರೋಗ ಯಾವ ತಿಂಗಳಲ್ಲಿ ಏರುತ್ತದೆ, ಟೊಮ್ಯಾಟೊ ಇಲ್ಲದಾಗ ಪಾರ್ಥೇನಿಯಂನಂಥ ಯಾವ ಕಳೆಗಳಲ್ಲಿ ಅಡಗಿರುತ್ತದೆ, ನೊಣ ಎಷ್ಟು ಹೊತ್ತು ರಸ ಹೀರಿದರೆ ಸೋಂಕು ದಾಟುತ್ತದೆ ಎಂಬುದನ್ನೆಲ್ಲ ಹೊಲದಲ್ಲೇ ನಿಂತು ಲೆಕ್ಕ ಹಾಕಿದರು. ಮುಂದೆ ಬಂದ ಡಿಎನ್‌ಎ ಅಧ್ಯಯನಗಳಿಗೆ ಅರ್ಥ ಬಂದದ್ದು ಈ ತಳಹದಿಯ ಮೇಲೆ. ಇಂಥ ಕೆಲಸಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಈ ವೈರಸ್‌ಗಳ ಕಣಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿರುತ್ತವೆ. ಅದಕ್ಕೇ ಇವು ಜೆಮಿನಿವೈರಸ್‌ಗಳು. ಇವುಗಳ ಒಳಗಿರುವುದು ಒಂಟಿ ಎಳೆಯ ಡಿಎನ್‌ಎ ಎಂಬುದು 1977ರಲ್ಲಿ ಖಚಿತವಾಯಿತು. ಆದರೆ ನಿಜವಾದ ತಿರುವು 1995ರದು. ಆ ವರ್ಷ ದೆಹಲಿಯ ಟೊಮ್ಯಾಟೊ ವೈರಸ್‌ನ ಜೀನೋಮ್ ಎರಡು ತುಂಡುಗಳಲ್ಲಿದೆ ಎಂದು ಪಡಿದಂ, ಬೀಚಿ ಮತ್ತು ಫೋಕೆ ತೋರಿಸಿದರು. ಅದೇ ವರ್ಷ ಹಾಂಗ್ ಮತ್ತು ಹ್ಯಾರಿಸನ್ ಬೆಂಗಳೂರಿನ ವೈರಸ್‌ನ ಅನುಕ್ರಮ ಓದಿದರು. ಅದು ಒಂದೇ ತುಂಡಿನ, ಸುಮಾರು 2,700 ಅಕ್ಷರಗಳ ಡಿಎನ್‌ಎ. ಎಲೆ ಮುದುರುವುದು ಎರಡೂ ಕಡೆ ಒಂದೇ, ಮುದುರಿಸುವವು ಮಾತ್ರ ಬೇರೆ ಬೇರೆ. 2002ರಲ್ಲಿ ಬೆಂಗಳೂರಿನದೇ ಇನ್ನೊಂದು ವೈರಸ್‌ಗೆ ಕರ್ನಾಟಕದ ಹೆಸರು ಬಂತು. ಅದು ಬೇರೆ ವೈರಸ್‌ಗಳ ತುಣುಕುಗಳು ಸೇರಿ ಆದದ್ದಿರಬೇಕು ಎಂದು ಅದರ ಅನುಕ್ರಮವೇ ಸೂಚಿಸಿತು.

ಈ ಬೆರಕೆಯೇ ಇಡೀ ಕ್ಷೇತ್ರದ ದಿಕ್ಕು ಬದಲಿಸಿದ್ದು. ಒಂದೇ ಗಿಡಕ್ಕೆ ಎರಡು ವೈರಸ್ ತಗುಲಿದಾಗ, ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ ಒಂದರ ತುಣುಕು ಮತ್ತೊಂದಕ್ಕೆ ಸೇರಿಹೋಗಬಹುದು. ಬಿಳಿ ನೊಣ ಗಿಡದಿಂದ ಗಿಡಕ್ಕೆ ಹಾರುವ ನಾಡಿನಲ್ಲಿ ಇಂಥ ಮಿಶ್ರ ಸೋಂಕು ಅಪರೂಪವಲ್ಲ. ಇದರ ಮೇಲೆ ಮ್ಯುಟೇಶನ್ ಬೇರೆ. ಡಿಎನ್‌ಎ ವೈರಸ್‌ಗಳು ನಿಧಾನವಾಗಿ ಬದಲಾಗುತ್ತವೆ ಎಂಬ ನಂಬಿಕೆಯನ್ನು ಡಫಿ ಮತ್ತು ಹೋಮ್ಸ್ 2008ರಲ್ಲಿ ಕೆಡವಿದರು. ಟೊಮ್ಯಾಟೊದ ಹಳದಿ ಎಲೆ ಮುದುರು ವೈರಸ್‌ನಲ್ಲಿ ಪ್ರತಿ 10,000 ಅಕ್ಷರಕ್ಕೆ ವರ್ಷಕ್ಕೆ ಸುಮಾರು ಮೂರು ಬದಲಾವಣೆ ಎಂಬುದು ಅವರ ಅಂದಾಜು. ಇದು ಆರ್‌ಎನ್‌ಎ ವೈರಸ್‌ಗಳ ವೇಗಕ್ಕೆ ಸಮ. ಜೊತೆಗೆ ಬೀಟಾ ಉಪಗ್ರಹ ಎಂಬ ಸುಮಾರು 1,350 ಅಕ್ಷರಗಳ ಪುಟ್ಟ ಡಿಎನ್‌ಎ ಇದೆ. ಅದು ತಾನಾಗಿ ನಕಲಾಗಲಾರದು, ವೈರಸ್‌ನ ಆಸರೆ ಬೇಕು. ಹಾಗಿದ್ದೂ ಗಿಡದ ರಕ್ಷಣೆಯನ್ನು ಅಡಗಿಸಿ ರೋಗವನ್ನು ಉಲ್ಬಣಿಸುತ್ತದೆ. ನಮ್ಮ ಬೆಂಡೆಯ ಹಳದಿ ನರ ರೋಗವನ್ನು ಕುಲಕರ್ಣಿಯವರು ಮುಂಬಯಿ ಪ್ರಾಂತದಿಂದ ವರದಿ ಮಾಡಿದ್ದು 1924ರಲ್ಲಿ. ಅದರಲ್ಲೂ ಈ ಜೊತೆಗಾರನ ಕೈವಾಡವಿದೆ ಎಂದು ಜೋಸ್ ಮತ್ತು ಉಷಾ ಸಾಬೀತುಪಡಿಸಿದ್ದು 2003ರಲ್ಲಿ.

ವೈರಸ್ ಬದಲಾದ ಹಾಗೆ ಅದನ್ನು ಹೊರುವ ನೊಣವೂ ಬದಲಾಯಿತು. 1999ರಲ್ಲಿ ಕೋಲಾರದಲ್ಲಿ ಮುದುರು ರೋಗ ಭೀಕರವಾಗಿ ಹಬ್ಬಿದಾಗ ಅಲ್ಲಿ ಕಂಡದ್ದು ಹೊರಗಿನಿಂದ ಬಂದ 'ಬಿ' ಬಗೆಯ ಬಿಳಿ ನೊಣ. ಭಾರತದಲ್ಲಿ ಅದರ ಮೊದಲ ವರದಿ ಅದೇ. ಬಿಳಿ ನೊಣ ಎಂದು ನಾವು ಕರೆಯುವುದು ನೋಟಕ್ಕೆ ಒಂದೇ ಆದ ಹತ್ತಾರು ಪ್ರಭೇದಗಳ ಗುಂಪು ಎಂಬುದು ಈಗ ಸ್ಪಷ್ಟವಾಗಿದೆ.

ರೋಗ ತಡೆಯುವ ತಳಿಗಳ ಕಥೆಯನ್ನು ಈ ಹಿನ್ನೆಲೆಯಲ್ಲೇ ಓದಬೇಕು. ಕಾಡು ಟೊಮ್ಯಾಟೊ ಒಂದರಿಂದ ನಿರೋಧಕ ಗುಣವನ್ನು ಬೇಸಾಯದ ಟೊಮ್ಯಾಟೊಗೆ ತಂದ ಕೆಲಸವನ್ನು ಕಲ್ಲೂ ಮತ್ತು ಬ್ಯಾನರ್ಜಿ 1990ರಲ್ಲಿ ಪ್ರಕಟಿಸಿದರು. ಆ ವಂಶವಾಹಿಗೆ ಇಂದು ಟಿವೈ-2 ಎಂದು ಹೆಸರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಸಂಕ್ರಾಂತಿ, ನಂದಿ, ವೈಭವ್ ತಳಿಗಳನ್ನು ಕೊಟ್ಟಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ರಕ್ಷಕ್ ಹೈಬ್ರಿಡ್ ತಂದಿತು. ಇವು ರೈತನಿಗೆ ನಿಜವಾಗಿ ನೆರವಾದ ಗಳಿಕೆಗಳು. ಆದರೂ ಟಿವೈ-2 ಎಲ್ಲ ವೈರಸ್‌ಗಳನ್ನೂ ತಡೆಯದು. ಒಂದೇ ವಂಶವಾಹಿಯನ್ನು ನೆಚ್ಚಿ ಸಾವಿರಾರು ಎಕರೆ ನಾಟಿ ಮಾಡಿದರೆ, ಅದನ್ನು ದಾಟಬಲ್ಲ ವೈರಸ್‌ಗೆ ನಾವೇ ದಾರಿ ಬಿಟ್ಟಂತೆ. ಟಿವೈ-3ರಂಥ ಬೇರೆ ವಂಶವಾಹಿಗಳನ್ನು ಅದರೊಡನೆ ಕೂಡಿಸಬೇಕು. ಅದಕ್ಕಿಂತ ಮುಖ್ಯವಾಗಿ ಪ್ರತಿ ಹಂಗಾಮಿನಲ್ಲೂ ಹೊಲದ, ಬದುವಿನ ಕಳೆಗಳ ವೈರಸ್‌ಗಳನ್ನು ಓದುತ್ತಿರಬೇಕು. ಹೊಸ ತಳಿ ಬಿಡುಗಡೆಗೆ ಸಿಗುವ ಆಸಕ್ತಿಯ ಒಂದು ಪಾಲಾದರೂ ಈ ಕಾವಲಿಗೆ ಸಿಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾವಲಿಲ್ಲದಿದ್ದರೆ ಏನಾದೀತೆಂಬುದಕ್ಕೆ ದೆಹಲಿಯ ಹೆಸರಿನ ಆ ಎರಡು ತುಂಡಿನ ವೈರಸ್ಸೇ ಸಾಕ್ಷಿ. ಭಾರತದಲ್ಲಿ ಅದು ಆಲೂಗಡ್ಡೆಗೂ ಸೌತೆ, ಕುಂಬಳದ ಜಾತಿಯ ಬಳ್ಳಿಗಳಿಗೂ ದಾಟಿದೆ. 2012ರಲ್ಲಿ ಅದು ಸ್ಪೇನ್‌ನ ಜುಕಿನಿ ಹೊಲಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿ ಹಬ್ಬಿರುವುದು ಬಳ್ಳಿ ಬೆಳೆಗಳಿಗೆ ಒಗ್ಗಿಕೊಂಡ ಬಗೆ. ಟೊಮ್ಯಾಟೊದ ಹೆಸರು ಹೊತ್ತಿದ್ದರೂ ಟೊಮ್ಯಾಟೊ ಗಿಡಕ್ಕೆ ಅದು ಸುಲಭವಾಗಿ ತಗುಲುವುದಿಲ್ಲ.